ಮನೆಯೆಲ್ಲ ಘಮ್ ಅಂದರೆ ಕಪ್ಪಿನಲ್ಲಿ ಉಳಿದಿದ್ದೇನು?

ಬೋಗುಣಿಯ ಮೇಲೆ ಮುಚ್ಚಳ ಹಾಕಿ. ಇಷ್ಟು ಹೇಳಿ ಈ ವಾರದ ಅಂಕಣ ಮುಗಿಸಿಬಿಡಬಹುದಿತ್ತು. ಆದರೆ ದವಾಖಾನೆಯಲ್ಲಿ ಇದನ್ನೇ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಜನ ಹೂಂ ಅಂತ ತಲೆ ಆಡಿಸಿ ಹೋಗುತ್ತಾರೆ, ಮತ್ತೆ ಬಂದಾಗ ಅದೇ ಕರ್ರಗಿನ ಕಷಾಯದ ಕಥೆ ಹೇಳುತ್ತಾರೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ವಿಷಯ ಜೀರಿಗೆ, ಹವೀಜ, ಬಡೇಸೋಪಿನ ಚಹಾ. (ದಕ್ಷಿಣದ ಕಡೆಯವರಿಗೆ: ಹವೀಜ ಅಂದರೆ ಕೊತ್ತಂಬರಿ ಕಾಳು, ಬಡೇಸೋಪು ಅಂದರೆ ಸೋಂಪು.) ಚಹಾ ಅಂತ ಹೆಸರಿಗೆ ಅಷ್ಟೇ, ಅದರಲ್ಲಿ ಚಹಾಪುಡಿಯೂ ಇಲ್ಲ, ಹಾಲೂ ಇಲ್ಲ. ಊಟವಾದ ಮೇಲೆ ಹೊಟ್ಟೆ ಉಬ್ಬುವವರಿಗೆ, ಸುಮ್ನೆ ಡೇಗು ಬರುವವರಿಗೆ, ಮಗ್ಗದ ಮುಂದೆ ದಿನವಿಡೀ ಕೂತು ಹೊಟ್ಟೆ ಕಲ್ಲಾದ ಹಾಗಾಗುತ್ತದೆ ಅನ್ನುವವರಿಗೆ ನಾನೇ ಹೇಳುತ್ತೇನೆ. ಬಾಗಲಕೋಟೆಯ ಸುತ್ತಮುತ್ತ ನೇಕಾರರು ಜಾಸ್ತಿ. ಗುಳೇದಗುಡ್ಡ, ಇಳಕಲ್ಲು, ರಬಕವಿ-ಬನಹಟ್ಟಿ ಕಡೆಯಿಂದ ಬರುವವರ ದೂರು ಹೆಚ್ಚಾಗಿ ಒಂದೇ, ಗ್ಯಾಸು.

ಹಿಂದೊಮ್ಮೆ ಗುಳೇದಗುಡ್ಡದ ಅಕ್ಕ ಒಬ್ಬರು ಬಂದಿದ್ದರು. ಖಣ ನೇಯುವ ಮನೆ. "ಡಾಕ್ಟರ್ ಸಾಹೇಬ್ರ, ನೀವು ಹೇಳಿದಂಗ ಮಾಡೇನ್ರಿ. ಅರ್ಧಾ ತಾಸು ಕುದಿಸೇನಿ. ಓಣಿ ತುಂಬ ಘಮ್ ಅಂತಿತ್ತು, ಬಾಜೂ ಮನ್ಯಾವ್ರು ಬಂದು ಏನ್ ಮಾಡಾಕತ್ತೀರಿ ಅಂತ ಕೇಳಿದ್ರು. ಆದ್ರ ಹೊಟ್ಟಿ ಮಾತ್ರ ಹಂಗ ಐತ್ರಿ," ಅಂದರು. "ಅಕ್ಕಾರ, ಔಷಧ ಎಲ್ಲಾ ಓಣಿಗೆ ಹೋತಲ್ರೀ, ನಿಮ್ಮ ಹೊಟ್ಟಿಗೆ ಏನ್ ಬಂತು?" ಅಂದೆ. ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು, ಆದರೆ ನಾನು ಹೇಳಿದ್ದು ನಿಜ.

ಈ ಮೂರೂ ಕಾಳುಗಳಲ್ಲಿ ಹೊಟ್ಟೆ ಹಗುರ ಮಾಡುವ ಕೆಲಸದ ದೊಡ್ಡ ಪಾಲು ಅವುಗಳ ಸುವಾಸನೆಯ ಎಣ್ಣೆಯದು. ಕರುಳಿನ ಬಿಗಿತ ಸಡಿಲಿಸಿ ವಾಯು ಹೊರಗೆ ಹೋಗಲು ದಾರಿ ಮಾಡುವುದು ಅದೇ. ನೂರು ಗ್ರಾಂ ಜೀರಿಗೆಯಲ್ಲಿ ಈ ಎಣ್ಣೆ ಇರುವುದೇ 2ರಿಂದ 5 ಗ್ರಾಂ. ಬಡೇಸೋಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹವೀಜದಲ್ಲಿ ಇನ್ನೂ ಕಡಿಮೆ, ಒಂದು ಗ್ರಾಂ ಆಸುಪಾಸು. ಅಂದಮೇಲೆ ಒಂದು ಚಮಚ ಕಾಳಿನಲ್ಲಿ ಎಷ್ಟಿರಬೇಕು, ನೀವೇ ಲೆಕ್ಕ ಹಾಕಿ. ಆ ಒಂದೆರಡು ಹನಿ ಹಬೆಯ ಜೊತೆ ಹಾರಿಹೋಗುವಂಥದ್ದು. ಮೂಗಿಗೆ ಘಮ್ ಅಂತ ಬಡಿದದ್ದು ಅದೇ ಎಣ್ಣೆ. ಅಡುಗೆಮನೆಯಲ್ಲಿ ಎಷ್ಟು ವಾಸನೆ ಬಂತೋ ಕಪ್ಪಿನಲ್ಲಿ ಅಷ್ಟು ಕಡಿಮೆ ಆಯಿತು. ಬಣ್ಣ, ಒಗರು, ಸ್ವಲ್ಪ ಕಹಿ ಉಳಿಯುತ್ತದೆ. ಅದನ್ನು ನೋಡಿ ಜನ "ಸ್ಟ್ರಾಂಗ್ ಆಗೈತಿ" ಅನ್ನುತ್ತಾರೆ. ಪೂರ್ತಿ ನಿಷ್ಪ್ರಯೋಜಕ ಅಂತ ನಾನೂ ಹೇಳುವುದಿಲ್ಲ. ಆದರೆ ಯಾವುದಕ್ಕೆ ಕುಡಿಯುತ್ತೀರೋ ಅದು ಹೋಗಿದೆ.

ಇದನ್ನು ಹೇಳಿದಾಗ ಒಬ್ಬ ವಿಜ್ಞಾನದ ಮಾಸ್ತರರು ವಾದಕ್ಕೆ ನಿಂತರು. ಹವೀಜದ ಎಣ್ಣೆಯಲ್ಲಿರುವ ಲಿನಲೂಲ್ ಕುದಿಯಬೇಕಾದರೆ ಸುಮಾರು 198 ಡಿಗ್ರಿ ಬೇಕು, ಬಡೇಸೋಪಿನ ಅನಿಥೋಲ್‌ಗೆ ಇನ್ನೂ ಜಾಸ್ತಿ, 230ರ ಮೇಲೆ. ನೀರು 100ಕ್ಕೇ ಕುದಿಯುತ್ತದಲ್ಲ, ಹಾಗಾದರೆ ಎಣ್ಣೆ ಹೇಗೆ ಹಾರುತ್ತದೆ ಸರ್? ಪ್ರಶ್ನೆ ಸರಿಯಾಗಿಯೇ ಇತ್ತು, ನನಗೆ ಖುಷಿಯೂ ಆಯಿತು. ಉತ್ತರ ಇಷ್ಟೇ: ನೀರು, ಎಣ್ಣೆ ಒಂದಕ್ಕೊಂದು ಬೆರೆಯುವುದಿಲ್ಲ. ಬೆರೆಯದ ಎರಡು ದ್ರವ ಒಟ್ಟಿಗೆ ಕಾದರೆ ಎರಡೂ ತಮ್ಮ ತಮ್ಮ ಪಾಲಿನ ಆವಿ ಬಿಡುತ್ತವೆ, ನೀರಿನ ಹಬೆ ಎಣ್ಣೆಯ ಆವಿಯನ್ನು ಎತ್ತಿಕೊಂಡೇ ಮೇಲೆ ಹೋಗುತ್ತದೆ. ಅತ್ತರು ತೆಗೆಯುವುದು ಹೀಗೇ. ನಮ್ಮ ಆಯುರ್ವೇದ ಶಾಸ್ತ್ರದ ಅರ್ಕವೂ ಹೀಗೇ. ಕಾಳು ನೆನೆಹಾಕಿ, ಕಾಯಿಸಿ, ಬಂದ ಹಬೆಯನ್ನು ತಣ್ಣಗೆ ಮಾಡಿ ಹಿಡಿದರೆ ಅಜಿವಾನದ (ಓಮದ) ಅರ್ಕ, ಬಡೇಸೋಪಿನ ಅರ್ಕ. ಮುಚ್ಚಳ ಇಲ್ಲದೆ ಅರ್ಧ ತಾಸು ಕುದಿಸುವವರು ಕೂಡ ಅರ್ಕವನ್ನೇ ತೆಗೆಯುತ್ತಿದ್ದಾರೆ, ಹಿಡಿದಿಟ್ಟುಕೊಳ್ಳುತ್ತಿಲ್ಲ ಅಷ್ಟೇ. ಮಾಸ್ತರರು ಒಪ್ಪಿದರು. ಮನೆಯಲ್ಲಿ ಅವರ ಯಜಮಾನಿ ಒಪ್ಪಿದರೋ ಇಲ್ಲವೋ ಗೊತ್ತಿಲ್ಲ.

ಜನರದ್ದು ಪೂರ್ತಿ ತಪ್ಪು ಅನ್ನಲಾರೆ. ಕಷಾಯ ಅಂದರೆ ಕುದಿಸಿ ಬತ್ತಿಸುವುದು ಅಂತಲೇ ಎಲ್ಲರೂ ಕಲಿತದ್ದು. ಅಮೃತಬಳ್ಳಿಯ ಕಾಂಡ, ಮರದ ತೊಗಟೆ, ಗಟ್ಟಿ ಬೇರು, ಇವಕ್ಕೆ ಹಾಗೇ ಮಾಡಬೇಕು. ಆಯುರ್ವೇದದ ಹಳೆಯ ಗ್ರಂಥ ಶಾರ್ಙ್ಗಧರ ಸಂಹಿತೆ ಕ್ವಾಥಕ್ಕೆ, ಅಂದರೆ ಇಂಥ ಕಷಾಯಕ್ಕೆ, ಒಂದು ಪಾಲು ಔಷಧ, ಹದಿನಾರು ಪಾಲು ನೀರು, ಎಂಟನೇ ಒಂದು ಭಾಗಕ್ಕೆ ಇಳಿಸು ಅನ್ನುತ್ತದೆ. ಆದರೆ ಅದೇ ಪುಸ್ತಕದಲ್ಲಿ ಫಾಂಟ ಅಂತ ಬೇರೆಯೇ ಇದೆ: ಬಿಸಿ ನೀರಿಗೆ ಪುಡಿ ಹಾಕಿ, ಬಿಟ್ಟು, ಸೋಸು. ಹಿಮ ಅಂತ ಇನ್ನೊಂದಿದೆ: ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ ಬೆಳಿಗ್ಗೆ ಸೋಸು. ಔಷಧ ಯಾವ ಥರದ್ದು ಅಂತ ನೋಡಿ ವಿಧಾನ ಆರಿಸುತ್ತಿದ್ದರು. ಪರಿಮಳದ ಕಾಳಿಗೆ ಫಾಂಟ ಸರಿ. ಹಾಗಂತ ಪುಸ್ತಕದ ಪ್ರಮಾಣ ಹಿಡಿದು ಒಂದು ಪಾಲಿಗೆ ನಾಲ್ಕು ಪಾಲು ನೀರು ಅಂತ ಮನೆಯಲ್ಲಿ ಮಾಡಬೇಡಿ, ಅದು ಔಷಧದ ಲೆಕ್ಕ, ನಾವು ಮಾತಾಡುತ್ತಿರುವುದು ಚಹಾದ ಬಗ್ಗೆ.

ಮನೆಯಲ್ಲಿ ಹೀಗೆ ಮಾಡಿ. ಮೂರೂ ಕಾಳು ಅರ್ಧರ್ಧ ಚಹಾ ಚಮಚ, ದೊಡ್ಡ ಲೋಟದಷ್ಟು ನೀರು. ಕಾಳನ್ನು ಕುಟ್ಟಾಣಿಯಲ್ಲಿ ಹಾಕಿ ಎರಡು ಮೂರು ಪೆಟ್ಟು ಕೊಡಿ. ಹಿಟ್ಟಾಗಬಾರದು, ಒಡೆದರೆ ಸಾಕು. ಎಣ್ಣೆ ಇರುವುದು ಕಾಳಿನ ಸಿಪ್ಪೆಯೊಳಗಿನ ಸಣ್ಣ ಸಣ್ಣ ಕೊಳವೆಗಳಲ್ಲಿ. ಬಡೇಸೋಪನ್ನು ಎರಡು ಹೋಳು ಮಾಡಿದರೆ ಒಂದೊಂದು ಹೋಳಿನಲ್ಲಿ ಸಾಮಾನ್ಯವಾಗಿ ಆರು ಇರುತ್ತವೆ. ಅವು ಒಡೆಯದಿದ್ದರೆ ನೀರಿಗೆ ಹೆಚ್ಚೇನೂ ಇಳಿಯುವುದಿಲ್ಲ, ಇಡೀ ಕಾಳು ಹಾಕಿ ಗಂಟೆಗಟ್ಟಲೆ ಕುದಿಸಬೇಕು ಅನ್ನಿಸುವುದೂ ಇದೇ ಕಾರಣಕ್ಕೆ. ನೀರು ಚೆನ್ನಾಗಿ ಕುದಿ ಬಂದ ಮೇಲೆ ಒಲೆ ಆರಿಸಿ, ಕಾಳು ಹಾಕಿ, ತಕ್ಷಣ ಮೇಲೆ ತಾಟು ಮುಚ್ಚಿ. ಹತ್ತರಿಂದ ಹದಿನೈದು ನಿಮಿಷ ಮುಟ್ಟಬೇಡಿ. ಎತ್ತಿ ನೋಡುವುದು, ಕಲಕುವುದು, ಮೂಸುವುದು ಯಾವುದೂ ಬೇಡ. ಆಮೇಲೆ ತಾಟು ಎತ್ತುವಾಗ ಅದರ ಒಳಮೈ ನೋಡಿ. ಹನಿ ಹನಿಯಾಗಿ ನೀರು ಕೂತಿರುತ್ತದೆ. ಒಂದು ಹನಿಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದರೆ ಜೀರಿಗೆ, ಸೋಪು ಎರಡೂ ಬಡಿಯುತ್ತವೆ. ಆ ನೀರನ್ನು ಕೈತೊಳೆಯುವ ತೊಟ್ಟಿಗೆ ಕೊಡವಬೇಡಿ, ಬೋಗುಣಿಯೊಳಗೇ ಬಗ್ಗಿಸಿ ಕೊಡವಿ. ನಂತರ ಸೋಸಿ, ಬೆಚ್ಚಗೆ ಕುಡಿಯಿರಿ. ನೀರಿನ ಬಣ್ಣ ತಿಳಿ ಹಳದಿ ಇರುತ್ತದೆ. "ಇದೇನ್ರಿ ಬರೇ ನೀರ ಐತಿ" ಅಂತ ಮನೆಯ ಹಿರಿಯರು ಮೂಗು ಮುರಿಯಬಹುದು, ಮುರಿಯಲಿ.

ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಬಡೇಸೋಪಿನ ಚಹಾಕ್ಕೆ ಹೇಳುವುದೂ ಇದನ್ನೇ: ದೊಡ್ಡವರಿಗೆ ಒಂದೂವರೆಯಿಂದ ಎರಡೂವರೆ ಗ್ರಾಂ, ಆಗ ತಾನೇ ಕುಟ್ಟಿದ ಕಾಳು, 250 ಮಿಲಿ ಕುದಿಯುವ ನೀರು, 15 ನಿಮಿಷ. ಆಯುರ್ವೇದದವರು ಹೇಳಿದರೆ ನಂಬದವರು ಅದನ್ನಾದರೂ ನಂಬಲಿ ಅಂತ ಹೇಳಿದೆ.

ಇನ್ನು ಸೇರಿಸುವವರ ಕಾಟ. ಮೂರು ಕಾಳು ಅಂದರೆ ಯಾರಿಗೂ ಸಮಾಧಾನ ಇಲ್ಲ. ಮೊಬೈಲಿನಲ್ಲಿ ಒಂದು ವೀಡಿಯೊ ನೋಡಿ ಶುಂಠಿ, ಇನ್ನೊಂದು ನೋಡಿ ಮೆಣಸು, ಲವಂಗ, ಚಕ್ಕೆ, ಅಜಿವಾನ, ಮೆಂತೆ. ಎದೆ ಉರಿ ಅಂತ ಬಂದವರು ಇದನ್ನೆಲ್ಲ ಹಾಕಿ ಏಪ್ರಿಲ್‌ನಲ್ಲಿ, ನಮ್ಮೂರಿನ ನಲವತ್ತು ಡಿಗ್ರಿ ಬಿಸಿಲಲ್ಲಿ, ದಿನಕ್ಕೆ ನಾಲ್ಕು ಸಲ ಕುಡಿದು "ಉರಿ ಜಾಸ್ತಿ ಆತ್ರಿ" ಅಂದರೆ ನಾನೇನು ಹೇಳಲಿ? ಹೊಟ್ಟೆ ಉಬ್ಬರಕ್ಕೂ ಎದೆ ಉರಿಗೂ ಒಂದೇ ಔಷಧ ಅಲ್ಲ. ಬೇಸಿಗೆಯಲ್ಲಿ, ಪಿತ್ತದ ಮೈಯವರಿಗೆ, ನಾನು ಹವೀಜ ಒಂದನ್ನೇ ಹೇಳುವುದು. ಒಂದು ಚಮಚ ಕುಟ್ಟಿದ ಹವೀಜ, ಒಂದು ಲೋಟ ತಣ್ಣೀರು, ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ಸೋಸಿ, ಬೇಕಾದರೆ ಸ್ವಲ್ಪ ಕಲ್ಲುಸಕ್ಕರೆ. ಧಾನ್ಯಕ ಹಿಮ ಅಂತ ಅದಕ್ಕೆ ಹೆಸರು, ಒಳಗಿನ ಉರಿಗೆ, ಬಾಯಾರಿಕೆಗೆ ಶಾಸ್ತ್ರದಲ್ಲೇ ಹೇಳಿದೆ. ಒಲೆಯೇ ಬೇಡ.

ಬೆಲ್ಲದ ಬಗ್ಗೆಯೂ ಕೇಳುತ್ತಾರೆ. ಮಹಾಲಿಂಗಪುರದ ಬೆಲ್ಲ ಮಗ್ಗುಲಲ್ಲೇ ಸಿಗುವಾಗ ಹಾಕಬೇಡಿ ಅಂದರೆ ಯಾರು ಕೇಳುತ್ತಾರೆ? ಚೂರು ಹಾಕಿ. ಸಕ್ಕರೆ ಕಾಯಿಲೆ ಇದ್ದವರು ಅದನ್ನೂ ಹಾಕಬೇಡಿ. ಜೇನುತುಪ್ಪವನ್ನು ಬಿಸಿಬಿಸಿಗೆ ಹಾಕಬೇಡಿ, ಜೇನು ಕಾಯಿಸಬಾರದು ಅಂತ ಚರಕ ಸಂಹಿತೆಯ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ.

ಯಾವಾಗ ಕುಡಿಯಬೇಕು? ಊಟವಾಗಿ ಅರ್ಧ ತಾಸು ಮುಕ್ಕಾಲು ತಾಸು ಬಿಟ್ಟು, ದಿನಕ್ಕೆ ಒಂದು ಎರಡು ಸಲ. ಇದರಲ್ಲೂ ಒಂದು ತಪ್ಪು ಲೆಕ್ಕ ಇದೆ. ಸಂಜೆ ಐದಕ್ಕೆ ಗಿರಮಿಟ್ಟು, ಜೊತೆಗೆ ನಾಲ್ಕು ಮಿರ್ಚಿ ಭಜಿ, ರಾತ್ರಿ ಹತ್ತೂವರೆಗೆ ಎಣ್ಣೆಗಾಯಿ ರೊಟ್ಟಿ, ಮೇಲೆ ಈ ಚಹಾ ಕುಡಿದರೆ ಎಲ್ಲ ಕರಗುತ್ತದೆ ಅಂತ. ಕರಗುವುದಿಲ್ಲ. ಶಾರ್ಙ್ಗಧರ ದೀಪನ, ಪಾಚನ ಅಂತ ಎರಡು ಬೇರೆ ಮಾಡುತ್ತಾನೆ. ಹಸಿವು ಏಳಿಸುವುದು ದೀಪನ, ಅರಗದೆ ಉಳಿದದ್ದನ್ನು ಅರಗಿಸುವುದು ಪಾಚನ. ಹಸಿವು ಏಳಿಸುತ್ತದೆ ಆದರೆ ಉಳಿದದ್ದನ್ನು ಅರಗಿಸುವುದಿಲ್ಲ ಅನ್ನುವುದಕ್ಕೆ ಅವನು ಕೊಡುವ ಉದಾಹರಣೆ ಮಿಶಿ, ಅದನ್ನು ಬಡೇಸೋಪು ಅಂತಲೇ ಅನೇಕರು ತೆಗೆದುಕೊಳ್ಳುತ್ತಾರೆ. ಅಂದರೆ ತುಂಬಿದ ಹೊಟ್ಟೆಯ ಮೇಲೆ ಬರೀ ಸೋಪು ಹಾಕಿದರೆ ವಾಯು ಹೋಗಿ ಹಗುರ ಅನ್ನಿಸಬಹುದು, ಮಿರ್ಚಿ ಅಲ್ಲೇ ಇರುತ್ತದೆ. ನಾನು ಮಿರ್ಚಿ ಬಿಡಿ ಅಂತ ಹೇಳುವವನಲ್ಲ, ಬಾಗಲಕೋಟೆಯಲ್ಲಿ ಕೂತು ಹಾಗೆ ಹೇಳಿದರೆ ದವಾಖಾನೆ ಮುಚ್ಚಬೇಕಾಗುತ್ತದೆ. ನಾಲ್ಕರ ಬದಲು ಎರಡು ತಿನ್ನಿ, ರಾತ್ರಿ ಊಟ ಎಂಟಕ್ಕೆ ಮಾಡಿ. ತೂಕ ಇಳಿಯುತ್ತದಾ ಅಂತ ಕೇಳಬೇಡಿ, ಈ ಚಹಾ ಅದಕ್ಕಲ್ಲ.

ಬೆಳಿಗ್ಗೆ ಮಾಡಿ ಫ್ಲಾಸ್ಕಿಗೆ ತುಂಬಿ ಸಂಜೆವರೆಗೆ ನೀರಿನ ಬದಲು ಕುಡಿಯುವವರೂ ಇದ್ದಾರೆ. ಬೇಡ. ಕಾಳು ಹಳೆಯದಾಗಿದ್ದರೂ ಉಪಯೋಗವಿಲ್ಲ. ಅಂಗೈಯಲ್ಲಿ ಉಜ್ಜಿ ಮೂಸಿ, ಏನೂ ಬರದಿದ್ದರೆ ಅದನ್ನು ಮಸಾಲೆಗೆ ಹಾಕಿ ಮುಗಿಸಿ. ಕಿರಾಣಿ ಅಂಗಡಿಯಿಂದ ಒಂದು ಕೆಜಿ ತರುವ ಬದಲು ನೂರು ಗ್ರಾಂ ತನ್ನಿ. ಬಣ್ಣದ ಸಕ್ಕರೆ ಮೆತ್ತಿದ ಸೋಪು ತರಬೇಡಿ, ಅದೂ ಒಬ್ಬರು ತಂದಿದ್ದರು.

ಯಾರು ಕುಡಿಯಬಾರದು? ಬಸುರಿಯರು ಅಡುಗೆಯಲ್ಲಿ ಎಷ್ಟು ಬರುತ್ತದೋ ಅಷ್ಟು ತಿನ್ನಲಿ, ಚಹಾ ಮಾಡಿಕೊಂಡು ದಿನಾ ಕುಡಿಯುವ ಮೊದಲು ತಮ್ಮ ಡಾಕ್ಟರನ್ನು ಕೇಳಲಿ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರೂ ಕೇಳಿಯೇ ಕುಡಿಯಲಿ. ಜೀರಿಗೆ, ಸೋಪು ತಿಂದರೆ ತುರಿಕೆ, ದದ್ದು ಬರುವವರು ಮುಟ್ಟಬೇಡಿ. ಮತ್ತೆ ಅಜ್ಜಿಯಂದಿರೇ, ಕೂಸಿಗೆ ಒಳಲೆಯಲ್ಲಿ ಸೋಪಿನ ನೀರು ಹಾಕಬೇಡಿ. ನಿಮ್ಮ ಮೇಲೆ ನನಗೆ ಗೌರವ ಇದೆ, ನೀವು ಸಾಕಿದ ಮಕ್ಕಳೆಲ್ಲ ಗಟ್ಟಿಯಾಗಿದ್ದಾರೆ, ಒಪ್ಪಿದೆ. ಆದರೂ ಆರು ತಿಂಗಳವರೆಗೆ ತಾಯಿ ಹಾಲು ಬಿಟ್ಟು ಬೇರೇನೂ ಬೇಡ. ನಾಲ್ಕು ವರ್ಷದ ಒಳಗಿನ ಮಕ್ಕಳಿಗೂ ಡಾಕ್ಟರು ಹೇಳದೆ ಕೊಡಬೇಡಿ.

ಒಂದೆರಡು ವಾರ ಸರಿಯಾಗಿ ಮಾಡಿ ಕುಡಿದೂ ಹೊಟ್ಟೆ ಹಾಗೇ ಇದ್ದರೆ ಮುಂದುವರಿಸುತ್ತಾ ಕೂರಬೇಡಿ, ತೋರಿಸಿ. ಮಲ ಡಾಂಬರಿನ ಹಾಗೆ ಕಪ್ಪಾಗುವುದು, ವಾಂತಿಯಲ್ಲಿ ರಕ್ತ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಿಗೆ ಯಾವ ಕಾಳೂ ಔಷಧ ಅಲ್ಲ. ಇನ್ನೊಂದು, ನನಗೆ ನಿಜವಾಗಿ ಭಯ ಹುಟ್ಟಿಸುವುದು: ಎದೆ ಹಿಂಡಿದ ಹಾಗಾಗುತ್ತದೆ, ಎಡಗೈ ಇಲ್ಲವೇ ದವಡೆಗೆ ನೋವು ಹರಿಯುತ್ತದೆ, ಮೈಯೆಲ್ಲ ತಣ್ಣಗೆ ಬೆವರುತ್ತದೆ, ಮನೆಯವರು "ಗ್ಯಾಸ್ ಆಗಿರಬೇಕು" ಅಂತ ಜೀರಿಗೆ ಕುಟ್ಟಲು ಕೂರುತ್ತಾರೆ. ಕುಟ್ಟಬೇಡಿ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಡಾಕ್ಟರು ನೋಡಿ ಗ್ಯಾಸೇ ಅಂತ ಹೇಳಿದರೆ ಮನೆಗೆ ಬಂದು ನಿಧಾನಕ್ಕೆ ಚಹಾ ಮಾಡಿಕೊಳ್ಳಬಹುದು.