‘ಎಲ್ಲರಿಗೂ ಒಂದೇ ರೂಲು’ ಅಂದಮಾತ್ರಕ್ಕೆ ಮುಗಿಯಲ್ಲ

ನನ್ನ ಚೇಂಬರಿಗೆ ಬರುವ ಮ್ಯಾನೇಜರುಗಳು ಕೂರುವ ಮೊದಲೇ ಹೇಳುವ ಮಾತು: ‘ಮೇಡಂ, ನಮ್ಮಲ್ಲಿ ತಾರತಮ್ಯ ಇಲ್ಲವೇ ಇಲ್ಲ. ಎಲ್ಲರಿಗೂ ಒಂದೇ ರೂಲು.’ ಲಾ ಕಾಲೇಜಿನಲ್ಲಿ ಪಾಠ ಮಾಡಲು ಹೋದರೆ ಅಲ್ಲೂ ಅದೇ. ಸಮಾನತೆಯ ಬಗ್ಗೆ ಸಂವಿಧಾನದಲ್ಲಿರುವ 14, 15, 16ನೇ ವಿಧಿಗಳು ಬಾಯಿಪಾಠ. ಉತ್ತರದ ಕೊನೆಗೆ ‘ನಿಯಮ ಎಲ್ಲರಿಗೂ ಸಮಾನವಾಗಿ ಅನ್ವಯಿಸುವುದರಿಂದ ತಾರತಮ್ಯವಿಲ್ಲ’ ಅಂತ ಷರಾ. ತಿದ್ದಿ ತಿದ್ದಿ ಸಾಕಾಗಿದೆ.

ಎದುರಿಗೇ ಕಾಣುವ ತಾರತಮ್ಯ ಹಿಡಿಯುವುದು ಸುಲಭ. ಕೊಡಗಿನ ಸಿ.ಬಿ. ಮುತ್ತಮ್ಮ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾಗಲು ಹೆಣ್ಣು ಅಧಿಕಾರಿ ಮಾತ್ರ ಸರ್ಕಾರದ ಅನುಮತಿ ಪಡೆಯಬೇಕು ಅಂತ ಆಗ ನಿಯಮವಿತ್ತು. ಇಂಥ ನಿಯಮಗಳನ್ನೂ ತನಗೆ ಬಡ್ತಿ ತಪ್ಪಿಸಿದ್ದನ್ನೂ ಪ್ರಶ್ನಿಸಿ ಆಕೆ ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟರಲ್ಲಿ ಬಡ್ತಿ ಸಿಕ್ಕಿದ್ದರಿಂದ 1979ರಲ್ಲಿ ಅರ್ಜಿಯೇನೋ ವಜಾ ಆಯಿತು. ಆದರೆ ತೀರ್ಪು ಓದಿ ನೋಡಿ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸರ್ಕಾರದ ಕಿವಿ ಹಿಂಡಿದ್ದಾರೆ. ಇದು ಯಾರಿಗೂ ಕಷ್ಟವಿಲ್ಲದೆ ಅರ್ಥವಾಗುತ್ತದೆ.

ಅರ್ಥವಾಗದಿರುವುದು ಇನ್ನೊಂದು ಬಗೆ. ಅದಕ್ಕೆ ನಾನು ಯಾವಾಗಲೂ ಹೇಳುವುದು ಸುಪ್ರೀಂ ಕೋರ್ಟಿನ ನಿತಿಶಾ ಕೇಸು, 2021ರದ್ದು. ಸೇನೆಯ ಹೆಣ್ಣು ಅಧಿಕಾರಿಗಳಿಗೂ ಪರ್ಮನೆಂಟ್ ಕಮಿಷನ್ (ಅಂದರೆ ನಿವೃತ್ತಿಯವರೆಗೂ ಸೇವೆ) ಕೊಡಿ ಅಂತ 2020ರಲ್ಲೇ ತೀರ್ಪಾಗಿತ್ತು. ಸೇನೆ ಒಪ್ಪಿತು. ಗಂಡಸರಿಗೆ ಇಟ್ಟ ಆರೋಗ್ಯದ ಅಳತೆಯನ್ನೇ ಇವರಿಗೂ ಇಟ್ಟಿತು. ಸರಿಯಾಗೇ ಇದೆ ಅಲ್ವಾ? ಸ್ವಲ್ಪ ನಿಲ್ಲಿ. ಗಂಡಸರನ್ನು ಆ ಅಳತೆಗೆ ಹಚ್ಚಿದ್ದು ಸೇವೆಯ 5ನೇ ಅಥವಾ 10ನೇ ವರ್ಷದಲ್ಲಿ, ಹರೆಯದಲ್ಲಿ. ಆ ವಯಸ್ಸಿನಲ್ಲಿ ಹೆಂಗಸರಿಗೆ ಅವಕಾಶವನ್ನೇ ಕೊಟ್ಟಿರಲಿಲ್ಲ. ಈಗ ನಲವತ್ತು ದಾಟಿದ ಮೇಲೆ ಕರೆದು, ಇಪ್ಪತ್ತೈದು–ಮೂವತ್ತರ ಮೈಕಟ್ಟು ಎಲ್ಲಿ ಅಂತ ಕೇಳಿದರು. ಅಧಿಕಾರಿಯ ಕೆಲಸದ ಬಗ್ಗೆ ಮೇಲಿನವರು ಬರೆಯುವ ವಾರ್ಷಿಕ ವರದಿಗಳದ್ದೂ ಅದೇ ಕಥೆ. ‘ಇವರಿಗೆ ಹೇಗೂ ಪರ್ಮನೆಂಟ್ ಇಲ್ಲ’ ಅನ್ನುವ ಕಾಲದಲ್ಲಿ ಬರೆದ ವರದಿಗಳನ್ನು ಇಟ್ಟುಕೊಂಡು ಅರ್ಹತೆ ಅಳೆದರು. ಕೆಟ್ಟ ಉದ್ದೇಶವೇ ಇರಬೇಕಿಲ್ಲ, ಪರಿಣಾಮ ನೋಡಬೇಕು ಅಂತ ಕೋರ್ಟು ಹೇಳಿತು. ಇದೇ ಪರೋಕ್ಷ ತಾರತಮ್ಯ.

ಉದ್ದೇಶದ ಮಾತು ಬಂದಾಗಲೆಲ್ಲ ನನಗೊಬ್ಬ ಗಾರ್ಮೆಂಟ್ಸ್ ಮ್ಯಾನೇಜರ್ ನೆನಪಾಗುತ್ತಾರೆ. ಒಳ್ಳೆಯ ಮನುಷ್ಯ, ಲೈನಿನಲ್ಲಿರುವ ಹೆಣ್ಣುಮಕ್ಕಳ ಹೆಸರೆಲ್ಲ ಗೊತ್ತು. ವರ್ಷವಿಡೀ ರಜೆ ಹಾಕದವರಿಗೆ ಹಾಜರಾತಿ ಬೋನಸ್ ಅಂತ ರೂಲು ಮಾಡಿದ್ದರು. ಹೆರಿಗೆ ರಜೆಯೂ ಲೆಕ್ಕಕ್ಕೆ!

‘ಗಂಡಸರು ರಜೆ ಹಾಕಿದ್ರೂ ಕಟ್ಟೇ ಮೇಡಂ.’

‘ಹೆರಿಗೆ ರಜೆ ಎಷ್ಟು ಜನ ಗಂಡಸರು ಹಾಕಿದ್ದಾರೆ?’

ನಕ್ಕರು, ಆದರೆ ಸೋಲಲಿಲ್ಲ. ‘ಹಾಗಾದ್ರೆ ಒಬ್ಬೊಬ್ಬರಿಗೂ ಒಂದೊಂದು ರೂಲು ಮಾಡ್ಬೇಕಾ?’ ಬೇಡ ಮಾರಾಯರೇ. ಹೆರಿಗೆ ರಜೆಯನ್ನು ಗೈರುಹಾಜರಿ ಅಂತ ಎಣಿಸುವುದಿಲ್ಲ ಅಂತ ಒಂದು ಸಾಲು ಸೇರಿಸಿದರೆ ಆಯಿತು.

ಇಷ್ಟು ಓದಿ ನಾಳೆಯೇ ಕೇಸು ಹಾಕಲು ಹೊರಡಬೇಡಿ. ಫಲಿತಾಂಶದಲ್ಲಿ ಏರುಪೇರು ಇದ್ದಮಾತ್ರಕ್ಕೆ ಅದು ಕಾನೂನುಬಾಹಿರವಲ್ಲ. ಆ ಕೆಲಸಕ್ಕೆ ಆ ರೂಲು ನಿಜಕ್ಕೂ ಬೇಕಾ, ಯಾರಿಗೂ ಇಷ್ಟು ಪೆಟ್ಟಾಗದ ಬೇರೆ ದಾರಿ ಇದೆಯಾ ಅಂತ ನೋಡುತ್ತಾರೆ. ಖಾಸಗಿ ಕಂಪನಿಯ ಮೇಲೆ 14ನೇ ವಿಧಿ ಹಿಡಿದು ನೇರವಾಗಿ ಹೋಗುವುದೂ ಸಾಮಾನ್ಯವಾಗಿ ಆಗದು, ಬೇರೆ ಕಾಯ್ದೆ ಹುಡುಕಬೇಕು. ಅಂಗವೈಕಲ್ಯದ ವಿಷಯವಾದರೆ 2016ರ ಕಾಯ್ದೆ ಇದೆ. ಅದರಲ್ಲಿ ತಾರತಮ್ಯದ ವ್ಯಾಖ್ಯಾನದೊಳಗೇ ಉದ್ದೇಶ ‘ಅಥವಾ’ ಪರಿಣಾಮ ಅಂತ ಬರೆದಿದ್ದಾರೆ. ಸೂಕ್ತ ಅನುಕೂಲ ಮಾಡಿಕೊಡದಿರುವುದೂ ತಾರತಮ್ಯವೇ. ನಿಮ್ಮ ಪ್ರಕರಣಕ್ಕೆ ಯಾವುದು ಹೊಂದುತ್ತದೆ ಅನ್ನುವುದು ಕಾಗದ ನೋಡದೆ ಹೇಳಲಾಗದು.

ಹಾಗಾಗಿ ಕಾಗದ ತನ್ನಿ. ಆದರೆ ಹೊಳೆಯುವ ರಟ್ಟಿನ ರೂಲ್ ಬುಕ್ಕೊಂದನ್ನೇ ಅಲ್ಲ. ಕಳೆದ ಮೂರು ವರ್ಷ ಬೋನಸ್ ಯಾರಿಗೆ ತಪ್ಪಿತು, ಬಡ್ತಿ ಯಾರಿಗೆ ತಪ್ಪಿತು, ಆ ಪಟ್ಟಿ ಬೇಕು. ಹೆಸರಿನ ಮುಂದೆ ಕಾರಣವೂ ಇರಲಿ.