ಕಿವಿಯಂಚಿನ ಬಿಳಿ ಗಂಟಿಗೂ ಬ್ಯಾಳಿಗೂ ಏನು ಸಂಬಂಧ?

ಪ್ರಶ್ನೆ: ಅಪ್ಪಾರಿಗೆ ಐದಾರು ವರ್ಷದಿಂದ ಯೂರಿಕ್ ಆಸಿಡ್ ಐತ್ರಿ. ಈಗ ಕಿವಿ ಅಂಚಿಗೆ ಜೋಳದ ಕಾಳಿನಷ್ಟು ಬೆಳ್ಳಗಿನ ಗಂಟು ಎದ್ದಾವ, ನೋವಿಲ್ಲ. ಬ್ಯಾಳಿ, ಕಾಳು ಎಲ್ಲಾ ಬಿಡಿಸೀವಿ. ಇನ್ನೇನು ಬಿಡಿಸಬೇಕ್ರಿ?

ಉತ್ತರ: ಏನೂ ಬಿಡಿಸಬೇಡಿ, ಮೊದಲು ಬ್ಯಾಳಿ ತಿರುಗಿ ಬಡಿಸಿ.

ಗೌಟ್, ಅಂದರೆ ಯೂರಿಕ್ ಆಸಿಡ್ ಹೆಚ್ಚಾಗಿ ಕೀಲಲ್ಲಿ ಹರಳು ಕೂತು ಉರಿಯೇಳುವ ಕಾಯಿಲೆ, ಹಳೆಯದಾದವರ ಕಿವಿಯಲ್ಲಿ ಇಂಥ ಗಂಟು ಎದ್ದರೆ ಬಹುಮಟ್ಟಿಗೆ ಅದು ಟೋಫಸ್, ಅಂದರೆ ಯೂರಿಕ್ ಆಸಿಡ್‌ನಿಂದಾದ ಯೂರೇಟ್ ಹರಳಿನ ಗುಡ್ಡೆ. ರಕ್ತದಲ್ಲಿ ಯೂರಿಕ್ ಆಸಿಡ್ ಸುಮಾರು 6.8 (ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ, ರಿಪೋರ್ಟಿನಲ್ಲಿ mg/dL) ದಾಟಿದರೆ ಪೂರ್ತಿ ಕರಗಿ ನಿಲ್ಲುವುದಿಲ್ಲ. ತಂಪಿದ್ದಲ್ಲಿ ಇನ್ನೂ ಬೇಗ ಹರಳಾಗುತ್ತದೆ, ಚಳಿಗಾಲದ ಜೇನುತುಪ್ಪದ ಹಾಗೆ. ಕಾಲಿನ ಹೆಬ್ಬೆರಳು, ಹೆಣ್ಣುಮಕ್ಕಳು ಬುಗುಡಿ ಇಡುವ ಕಿವಿಯ ಮೇಲಂಚು, ಎರಡೂ ಮೈಯ ತಣ್ಣನೆ ತುದಿಗಳು. ಗಂಟು ಹುಣ್ಣಾದರೆ, ರಕ್ತ ಬಂದರೆ ಮಾತ್ರ ತಡಮಾಡದೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಚರ್ಮದ ಕ್ಯಾನ್ಸರ್ ಕೂಡ ಅಲ್ಲಿ ಹೀಗೇ ಕಾಣಬಹುದು.

ಈಗ ಬ್ಯಾಳಿಯ ಮಾತು. ಬ್ಯಾಳಿ ಬಿಟ್ಟರೆ ಯೂರಿಕ್ ಆಸಿಡ್ ಇಳಿಯುತ್ತದೆ ಎಂಬ ನಂಬಿಕೆ ಎಷ್ಟು ಸಲ ಹೇಳಿದರೂ ಹೋಗುವುದಿಲ್ಲ. ಮೈಯಲ್ಲಿರುವ ಯೂರಿಕ್ ಆಸಿಡ್‌ನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನಮ್ಮ ದೇಹವೇ ಹುಟ್ಟಿಸಿದ್ದು, ಊಟದ್ದು ಒಂದೇ ಪಾಲು. ಕಟ್ಟುನಿಟ್ಟಾಗಿ ಪಥ್ಯ ಮಾಡಿದರೂ ಇಳಿಯುವುದು ಒಂದು ಅಂಕಿಯ ಆಸುಪಾಸು. 9 ಇದ್ದವರು 8ಕ್ಕೆ ಬಂದರು ಅನ್ನಿ, 6.8ರ ಗೆರೆ ಇನ್ನೂ ಕೆಳಗೇ ಉಳಿಯಿತು. ಗಂಟು ಬೆಳೆಯುತ್ತಲೇ ಇರುತ್ತದೆ. ಅದರ ಮೇಲೆ, ಕಾಳಿನ ಮೇಲಿನ ಆರೋಪವೇ ನಿಲ್ಲುವುದಿಲ್ಲ. ಅಮೆರಿಕದಲ್ಲಿ 47 ಸಾವಿರ ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಂಸ, ಮೀನು ಹೆಚ್ಚು ತಿಂದವರಿಗೆ ಗೌಟ್ ಹೆಚ್ಚಿತ್ತು. ಬೇಳೆಕಾಳು, ಪಾಲಕ್ ತಿಂದವರಿಗೆ ಹೆಚ್ಚಿರಲಿಲ್ಲ. ಕೆನೆ ತೆಗೆದ ಹಾಲು-ಮೊಸರಿನವರಿಗೆ ಕಡಿಮೆಯೇ ಇತ್ತು. ಮಡಿಕಿಕಾಳು ಪಲ್ಯ, ಝುಣಕ ಬಿಡಿಸಿ ವಯಸ್ಸಾದವರನ್ನು ಬರೀ ರೊಟ್ಟಿ-ಖಾರಕ್ಕೆ ಇಳಿಸಿದರೆ ಸೊರಗುವುದು ತೋಳು-ತೊಡೆ, ಗಂಟಲ್ಲ.

ಬಿಡಿಸಲೇಬೇಕೆಂಬ ಹಟವಿದ್ದರೆ ಬಿಯರ್, ಲಿವರ್-ಭೇಜಾ, ಮತ್ತೆ ಸಂಜೆಯ ಎರಡು ಗ್ಲಾಸು ಕಬ್ಬಿನ ಹಾಲು ಬಿಡಿಸಿ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಯಕೃತ್ತು ಅದನ್ನು ಅರಗಿಸುವಾಗಲೇ ಯೂರಿಕ್ ಆಸಿಡ್ ಹುಟ್ಟುತ್ತದೆ. ಬೆಲ್ಲವೂ ಅಷ್ಟೇ. ಮುಧೋಳ-ಜಮಖಂಡಿ ಕಡೆ ಇದನ್ನು ಹೇಳಿದರೆ ಮುಖ ಸಿಂಡರಿಸುತ್ತಾರೆ, ಗೊತ್ತು. ಲಿಂಬೆ, ಹುಣಸೆ ತಿನ್ನಲಿ. ನಾಲಿಗೆಯ ಹುಳಿಗೂ ಈ ಆಸಿಡ್‌ಗೂ ನಂಟಿಲ್ಲ.

ಗಂಟು ಕರಗಿಸುವುದು ಗುಳಿಗೆ. ಯೂರಿಕ್ ಆಸಿಡ್ ಇಳಿಸುವ ಅಲೋಪ್ಯುರಿನಾಲ್ ಸಾಮಾನ್ಯವಾಗಿ ದಿನಕ್ಕೆ 100 ಮಿಲಿಗ್ರಾಂನಿಂದ ಶುರು, ಕಿಡ್ನಿ ಸೋತವರಿಗೆ ಇನ್ನೂ ಕಡಿಮೆ. ಕೆಲವು ವಾರಕ್ಕೊಮ್ಮೆ ರಕ್ತ ನೋಡಿ ವೈದ್ಯರು ಏರಿಸುತ್ತಾರೆ. ಗುರಿ 6ಕ್ಕಿಂತ ಕೆಳಗೆ, ಗಂಟು ಕಾಣುತ್ತಿದ್ದರೆ 5ಕ್ಕಿಂತ ಕೆಳಗೆ. ಹರಳು ಕದಲುವಾಗ ಮೊದಲ ತಿಂಗಳುಗಳಲ್ಲಿ ಕೀಲು ಮತ್ತೆ ಉರಿಯೇಳಬಹುದು. ಅದನ್ನು ತಡೆಯಲು 3ರಿಂದ 6 ತಿಂಗಳು ಕಾಲ್ಚಿಸಿನ್ ಎಂಬ ಇನ್ನೊಂದು ಗುಳಿಗೆ ಜೊತೆಗಿರುತ್ತದೆ. ‘ಗುಳಿಗಿಯಿಂದ ಹೆಚ್ಚಾತು’ ಎಂದು ಬಹಳ ಮಂದಿ ಬಿಡುವುದು ಇಲ್ಲಿಯೇ. ಮೈಮೇಲೆ ದದ್ದು ಎದ್ದರೆ ಮಾತ್ರ ಆ ಕ್ಷಣ ಅಲೋಪ್ಯುರಿನಾಲ್ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗಂಟು ಕರಗಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೇಕು. ಸೂಜಿಯಿಂದ ಚುಚ್ಚಿ ಹಿಂಡಬೇಡಿ. ಸುಣ್ಣದಂಥ ಹಿಟ್ಟು ಬರುತ್ತದೆ, ಗಾಯ ಬೇಗ ಮಾಯುವುದಿಲ್ಲ, ಕೆಳಗಿನ ಮೃದ್ವಸ್ಥಿಗೆ ಕೀವು ಹತ್ತಬಹುದು.

ಅಪರೂಪಕ್ಕೆ ಇದೇ ಹರಳು ಮೂಗಿನ ಮೇಲೆ, ದವಡೆಯ ಕೀಲಿನಲ್ಲಿ, ಧ್ವನಿತಂತುವಿನಲ್ಲಿ, ಕುತ್ತಿಗೆಯ ಮೂಳೆಯಲ್ಲೂ ಕೂರುತ್ತದೆ. ಕುತ್ತಿಗೆ ನೋವಿನೊಂದಿಗೆ ಕೈ ಜೋಮು ಹಿಡಿದರೆ, ಕಾಲು ತಡವರಿಸಿದರೆ ಕಾಯಬೇಡಿ.

ಯಾರೂ ಕೇಳದ ಒಂದು ಮಾತು: ಗಂಟಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸುವುದಾದರೆ ಯಾವ ಬಾಟಲಿಗೆ ಹಾಕುತ್ತಾರೆಂದು ಕೇಳಿ. ವಾಡಿಕೆಯಂತೆ, ತುಣುಕು ಕೆಡದಂತೆ ಇಡುವ ಫಾರ್ಮಲಿನ್‌ಗೆ ಹಾಕಿದರೆ ಅದರ ನೀರಿಗೆ ಹರಳು ಕರಗಿ, ‘ಹರಳು ಕಂಡಿಲ್ಲ’ ಎಂಬ ರಿಪೋರ್ಟ್ ಬರಬಹುದು. ಹಾಕಬೇಕಾದ್ದು ನೀರಿಲ್ಲದ ಆಲ್ಕೋಹಾಲ್‌ಗೆ. ತುಣುಕೇ ಬೇಡ, ಎಷ್ಟೋ ಸಲ ವೈದ್ಯರು ಸೂಜಿಯಲ್ಲಿ ತೆಗೆದ ಹನಿ ಹಿಟ್ಟು ಗಾಜಿನ ಪಟ್ಟಿಯ ಮೇಲೆ ಸಾಕು. ಬೆಳಕನ್ನು ಒಂದೇ ದಿಕ್ಕಿಗೆ ಸೋಸುವ ಪೋಲರೈಸಿಂಗ್ ಸೂಕ್ಷ್ಮದರ್ಶಕದಡಿ ಹರಳು ಸೂಜಿಸೂಜಿಯಾಗಿ ಹೊಳೆಯುತ್ತದೆ.