ಸಿಗ್ನಲ್‌ನಲ್ಲಿ ನ್ಯೂಟ್ರಲ್ ಬೇಡ

ಕಳೆದ ತಿಂಗಳು ಒಬ್ಬರು ತಮ್ಮ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟರೂ ಇರುವ) ಕಾರನ್ನು ನನ್ನ ಗ್ಯಾರೇಜಿಗೆ ತಂದರು. ಇಳಿಯುವಾಗಲೇ ಮುಖದಲ್ಲಿ ಬೇಸರ. "ಇಪ್ಪತ್ತರ ಮೇಲೆ ಮೈಲೇಜ್ ಕೊಡುತ್ತೆ ಅಂತ ಅಷ್ಟು ದುಡ್ಡು ಹಾಕಿದೆ ಸಾರ್. ಹದಿನಾಲ್ಕು ದಾಟ್ತಾ ಇಲ್ಲ. ನನ್ನ ಹಳೇ ಕಾರೇ ವಾಸಿ ಇತ್ತು" ಅಂದರು. ಸ್ಕ್ಯಾನರ್ ಹಾಕಿ ನೋಡಿದೆ, ದೋಷದ ಒಂದು ಕೋಡೂ ಬರಲಿಲ್ಲ. ಟೈರಿನ ಗಾಳಿ ಸರಿಯಾಗಿತ್ತು. ಬ್ರೇಕ್ ಹಿಡಿದುಕೊಂಡಿರಲಿಲ್ಲ. "ಬನ್ನಿ, ನೀವೇ ಓಡಿಸಿ. ನಾನು ಪಕ್ಕದಲ್ಲಿ ಕೂತಿರುತ್ತೇನೆ" ಅಂದೆ. ಮಲ್ಲೇಶ್ವರದಿಂದ ಹೊರಟು ಮೇಖ್ರಿ ಸರ್ಕಲ್ ಮೇಲೆ ಹೆಬ್ಬಾಳದ ಕಡೆ ಹೋದೆವು.

ಸದಾಶಿವನಗರ ದಾಟುವಷ್ಟರಲ್ಲಿ ಕಾರಣ ಗೊತ್ತಾಯಿತು. ಸಿಗ್ನಲ್ ಕೆಂಪಾದ ಕೂಡಲೇ ಅವರ ಕೈ ಗೇರಿಗೆ ಹೋಗುತ್ತಿತ್ತು. ಇನ್ನೂ ಐವತ್ತು ಮೀಟರ್ ದೂರ ಇರುವಾಗಲೇ ನ್ಯೂಟ್ರಲ್. ಕಾರು ತಾನಾಗಿ ಉರುಳಿಕೊಂಡು ಹೋಗುತ್ತಿತ್ತು, ಕೊನೆಗೆ ಒಂದು ಬ್ರೇಕ್. ಹೆಬ್ಬಾಳದ ಫ್ಲೈಓವರ್ ಇಳಿಯುವಾಗಲೂ ನ್ಯೂಟ್ರಲ್. ಇಪ್ಪತ್ತು ವರ್ಷ ಗೇರ್ ಕಾರು ಓಡಿಸಿ, ಪೆಟ್ರೋಲ್ ಉಳಿಸಬೇಕು ಅಂತ ರೂಢಿಸಿಕೊಂಡ ಕೈ ಅದು.

"ಇನ್ನು ಮುಂದೆ ಡಿ (ಡ್ರೈವ್) ಬಿಟ್ಟು ಕೈ ಎಲ್ಲೂ ಹೋಗಬಾರದು. ಕಾಲು ಎತ್ತಿ, ಆಮೇಲೆ ಬ್ರೇಕನ್ನು ಮೆತ್ತಗೆ ಒತ್ತಿ. ಸ್ಕ್ರೀನ್ ನಾನು ನೋಡುತ್ತೇನೆ" ಅಂದೆ. ಸ್ಕ್ರೀನಿನಲ್ಲಿ ಶಕ್ತಿ ಎಲ್ಲಿಂದ ಎಲ್ಲಿಗೆ ಹರಿಯುತ್ತಿದೆ ಅಂತ ಬಾಣದ ಗುರುತು ಬರುತ್ತದೆ. ಅವರು ಕಾಲು ಎತ್ತಿದ ಕೂಡಲೇ ಬಾಣ ತಿರುಗಿತು. ಅಲ್ಲಿಯವರೆಗೆ ಬ್ಯಾಟರಿಯಿಂದ ಚಕ್ರಕ್ಕೆ ಹೋಗುತ್ತಿದ್ದದ್ದು ಚಕ್ರದಿಂದ ಬ್ಯಾಟರಿಗೆ ಬರತೊಡಗಿತು. ವಾಪಸ್ ಬರುವಾಗ ಆ ಒಂದು ಸುತ್ತಿಗೆ ಮೀಟರ್ 21 ತೋರಿಸಿತು. ಕಾರು ಅದೇ, ರಸ್ತೆ ಅದೇ. ಬದಲಾಗಿದ್ದು ಒಂದು ಅಭ್ಯಾಸ ಅಷ್ಟೇ.

ಹೈಬ್ರಿಡ್ ಕಾರಿನ ಉಳಿತಾಯದ ಒಂದು ದೊಡ್ಡ ಭಾಗ ಇರುವುದು ನಿಲ್ಲಿಸುವಾಗ. ಮಾಮೂಲಿ ಕಾರಿನಲ್ಲಿ ಬ್ರೇಕ್ ಒತ್ತಿದರೆ ಕಾರಿನ ವೇಗವೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್‌ನಲ್ಲಿ ಚಕ್ರ ತಿರುಗಿಸುವ ಮೋಟರೇ ಡೈನಮೋ ಆಗಿ, ಆ ವೇಗದ ಒಂದು ಭಾಗವನ್ನು ಕರೆಂಟಾಗಿ ಬ್ಯಾಟರಿಗೆ ತುಂಬುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಈ ದಾರಿಯೇ ಮುಚ್ಚಿಹೋಗುತ್ತದೆ. ಟೊಯೋಟಾ ಬಗೆಯ ಹೈಬ್ರಿಡ್‌ಗಳಲ್ಲಿ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿದ್ದರೂ ಮೋಟರ್ ಓಡಿಸುವ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಎಸಿ ಮಾತ್ರ ಅದರಿಂದಲೇ ಎಳೆಯುತ್ತಿರುತ್ತದೆ. ಆಮೇಲೆ ಆ ಸಾಲ ತೀರಿಸಲು ಎಂಜಿನ್ ಜಾಸ್ತಿ ದುಡಿಯಬೇಕು.

ಅದಕ್ಕೇ ಈ ಕಾರಿಗೆ ಬೆಂಗಳೂರು ಒಗ್ಗುತ್ತದೆ. ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ, ಗೊರಗುಂಟೆಪಾಳ್ಯ, ಎಲ್ಲಿ ಗೇರ್ ಕಾರು ಪೆಟ್ರೋಲ್ ಕುಡಿಯುತ್ತದೋ ಅಲ್ಲೇ ಹೈಬ್ರಿಡ್ ಎಂಜಿನ್ ಆಫ್ ಮಾಡಿಕೊಂಡು ತೆವಳುತ್ತದೆ. ನೈಸ್ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋದರೆ ಅಷ್ಟೊಂದು ವ್ಯತ್ಯಾಸ ಕಾಣುವುದಿಲ್ಲ. ಅಲ್ಲಿ ಬ್ರೇಕೇ ಇಲ್ಲವಲ್ಲ, ತುಂಬಿಕೊಳ್ಳುವುದು ಎಲ್ಲಿಂದ?

ಕೊಳ್ಳುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ. ಹೈಬ್ರಿಡ್ ಅಂತ ಹೆಸರಿದ್ದದ್ದೆಲ್ಲ ಒಂದೇ ಅಲ್ಲ. ಮೈಲ್ಡ್ ಹೈಬ್ರಿಡ್‌ನಲ್ಲಿ ಪುಟ್ಟ ಮೋಟರ್ ಎಂಜಿನ್ನಿಗೆ ಸ್ವಲ್ಪ ಕೈಜೋಡಿಸುತ್ತದೆ, ಅಷ್ಟೇ. ಅದೊಂದೇ ಕಾರನ್ನು ಎಳೆಯಲಾರದು. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಮೋಟರ್ ಒಂದೇ ಕಾರನ್ನು ಓಡಿಸುತ್ತದೆ. ಟೆಸ್ಟ್ ಡ್ರೈವ್‌ನಲ್ಲಿ ತಿಳಿಯುವುದು ಸುಲಭ. ಎಂಜಿನ್ ಆಫ್ ಆಗಿ ನಿಂತಿರುವಾಗ ಎಸಿ ಮುಂದೆ ಕೈ ಹಿಡಿಯಿರಿ. ಎರಡು ನಿಮಿಷ ಆದರೂ ತಣ್ಣಗಿನ ಗಾಳಿಯೇ ಬರುತ್ತಿದ್ದರೆ ಕಂಪ್ರೆಸರ್ ಕರೆಂಟಿನದು, ಕಾರು ಸ್ಟ್ರಾಂಗ್ ಹೈಬ್ರಿಡ್. ಬರೀ ಫ್ಯಾನ್ ಗಾಳಿ ಬಂದರೆ ಮೈಲ್ಡ್. ಇನ್ನು "ಮನೇಲಿ ಚಾರ್ಜ್ ಮಾಡ್ಬೇಕಾ?" ಅಂತ ವಾರಕ್ಕೆ ಹತ್ತು ಜನ ಕೇಳುತ್ತಾರೆ. ಬೇಡ. ನಮ್ಮಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ಇಂಥ ಕಾರುಗಳಲ್ಲಿ ಪ್ಲಗ್ಗೇ ಇಲ್ಲ.

ಟೊಯೋಟಾದ ಕ್ಯಾಮ್ರಿ ಹೈಬ್ರಿಡ್ 2013ರಲ್ಲೇ ಅವರ ಬಿಡದಿ ಕಾರ್ಖಾನೆಯಲ್ಲಿ ತಯಾರಾಗತೊಡಗಿತ್ತು. ಆದರೆ ಮನೆಮಂದಿಯ ಕಾರಾಗಿ ಹೈಬ್ರಿಡ್ ಜಾಸ್ತಿ ಕಾಣಿಸಿಕೊಂಡದ್ದು 2022ರಿಂದ. ಹೈರೈಡರ್, ಗ್ರಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್ ಎಲ್ಲ ಆ ವರ್ಷದವು. ಮೂರೂ ಬಿಡದಿಯಿಂದಲೇ ಹೊರಬಂದವು.

ಇವುಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನನಗೆ ತುಂಬಾ ಇಷ್ಟವಾದ ಭಾಗ ಅದೇ. ಆಟೋಮ್ಯಾಟಿಕ್ ಅಂದ ಕೂಡಲೇ ಜನ ಹೆದರುವುದಕ್ಕೆ ಕಾರಣ ಇದೆ. ಎಎಂಟಿಯಲ್ಲಿ (ಮಾಮೂಲಿ ಗೇರ್‌ಬಾಕ್ಸೇ, ಗೇರ್ ಬದಲಿಸುವುದು ಮಾತ್ರ ಯಂತ್ರ), ಡಿಸಿಟಿಯಲ್ಲಿ (ಎರಡು ಕ್ಲಚ್ಚಿನದು) ಕ್ಲಚ್ ಪ್ಲೇಟ್ ಇರುತ್ತದೆ. ಬಂಪರ್‌ಗೆ ಬಂಪರ್ ಟ್ರಾಫಿಕ್‌ನಲ್ಲಿ ಅದು ಜಾರಿ ಜಾರಿ ಸವೆಯುತ್ತದೆ, ಬಿಸಿಯಾಗುತ್ತದೆ. ಗೇರ್ ಹಂತಗಳೇ ಇಲ್ಲದ ಮಾಮೂಲಿ ಸಿವಿಟಿಯಲ್ಲಿ ಉಕ್ಕಿನ ಬೆಲ್ಟ್ ಇರುತ್ತದೆ. ಟೊಯೋಟಾ ಹೈಬ್ರಿಡ್‌ಗಳ ಇ-ಸಿವಿಟಿ ಗೇರ್‌ಬಾಕ್ಸಿನಲ್ಲಿ ಇವೆರಡೂ ಇಲ್ಲ. ಒಂದೇ ಒಂದು ಗ್ರಹಗಳ ಹಾಗೆ ಜೋಡಿಸಿದ ಹಲ್ಲುಚಕ್ರದ ಸೆಟ್ ಇದೆ. ನಡುವೆ ಸೂರ್ಯನ ಹಾಗೆ ಒಂದು ಚಕ್ರ, ಅದರ ಸುತ್ತ ಪುಟ್ಟ ಚಕ್ರಗಳು, ಅವೆಲ್ಲವನ್ನೂ ಸುತ್ತುವರಿದ ಒಂದು ಬಳೆ. ನಡುವಿನದಕ್ಕೆ ಜನರೇಟರ್, ಪುಟ್ಟ ಚಕ್ರಗಳನ್ನು ಹೊತ್ತ ಚೌಕಟ್ಟಿಗೆ ಎಂಜಿನ್, ಬಳೆಯ ಕಡೆಗೆ ಮೋಟರ್ ಮತ್ತು ಕಾರಿನ ಚಕ್ರ. ಮೂರೂ ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಜನರೇಟರ್ ಎಷ್ಟು ವೇಗ ತಿರುಗಬೇಕು ಅಂತ ಕಂಪ್ಯೂಟರ್ ಹೇಳುತ್ತದೆ, ಗೇರ್ ಬದಲಾದ ಹಾಗೆ ಆಗುತ್ತದೆ. ಜಾರುವುದಕ್ಕೆ ಅಲ್ಲಿ ಪ್ಲೇಟೇ ಇಲ್ಲ. ಹೋಂಡಾ ಸಿಟಿ ಹೈಬ್ರಿಡ್‌ನ ಜೋಡಣೆ ಬೇರೆ. ಊರೊಳಗೆ ಅದರ ಎಂಜಿನ್ ಹೆಚ್ಚಾಗಿ ಕರೆಂಟ್ ತಯಾರಿಸುತ್ತದೆ, ಹೈವೇ ವೇಗದಲ್ಲಿ ಒಂದು ಕ್ಲಚ್ ಮೂಲಕ ನೇರ ಚಕ್ರಕ್ಕೆ ಸೇರುತ್ತದೆ.

ಈ ಜೋಡಣೆಯಿಂದಲೇ ಒಂದು ದೂರು ಹುಟ್ಟುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ಕಿರುಚುತ್ತದೆ, ವೇಗ ಮಾತ್ರ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಗಾಬರಿ ಬೇಡ. ಎಂಜಿನ್ ತನಗೆ ಆ ಹೊತ್ತಿಗೆ ಒಪ್ಪುವ ಆರ್‌ಪಿಎಂನಲ್ಲಿ ನಿಂತಿದೆ, ಅಷ್ಟೇ.

ಇದರ ಅಣ್ಣನಂಥ ದೂರು ನಂದಿಬೆಟ್ಟದಿಂದ ಬರುತ್ತದೆ. "ಇಳಿಯುವಾಗ ಅರ್ಧ ದಾರೀಲಿ ಎಂಜಿನ್ ಜೋರಾಗಿ ಕೂಗೋಕೆ ಶುರು ಮಾಡ್ತು." ಒಂದು ಲೆಕ್ಕ ಹಾಕೋಣ. ಮನೆಯವರೆಲ್ಲ ಕೂತರೆ ಕಾರು ಸುಮಾರು 1,700 ಕೆಜಿ. ಬೆಟ್ಟದ ಇಳಿತ 500 ಮೀಟರ್ ಅಂದುಕೊಳ್ಳಿ. ಆ ಎತ್ತರದಲ್ಲಿ ಅಡಗಿರುವ ಶಕ್ತಿ, ಬೆಸ್ಕಾಂ ಬಿಲ್ಲಿನ ಲೆಕ್ಕದಲ್ಲಿ, ಎರಡು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಹೈರೈಡರ್‌ನ ಬ್ಯಾಟರಿ ಹಿಡಿಯುವುದು ಸುಮಾರು ಮುಕ್ಕಾಲು ಯೂನಿಟ್, ಅದನ್ನೂ ಕಾರು ಪೂರ್ತಿ ತುಂಬಿಸಿಕೊಳ್ಳುವುದಿಲ್ಲ. ಗಾಳಿಗೆ, ಟೈರಿಗೆ ಒಂದಷ್ಟು ಹೋದರೂ ಪಾತ್ರೆ ಅರ್ಧ ದಾರಿಯಲ್ಲೇ ತುಂಬುತ್ತದೆ. ಮಿಕ್ಕ ಶಕ್ತಿಯನ್ನು ಎಲ್ಲಾದರೂ ಕಳೆಯಬೇಕಲ್ಲ? ಪೆಟ್ರೋಲ್ ಹಾಕದೆ ಎಂಜಿನ್ನನ್ನು ಬರಿದೇ ತಿರುಗಿಸಿ ಕಾರು ಅದನ್ನು ಕಳೆಯುತ್ತದೆ. ಆ ಕೂಗು ನಿಮ್ಮ ಬ್ರೇಕನ್ನು ಕಾಪಾಡುತ್ತಿದೆ. ಗೇರ್ ಲಿವರಿನಲ್ಲಿ ಬಿ ಅಂತ ಒಂದು ಸ್ಥಾನ ಇರುತ್ತದಲ್ಲ, ಅದು ಇಂಥ ಉದ್ದದ ಇಳಿಜಾರಿಗೇ ಇರುವುದು. ಚಾರ್ಮಾಡಿ, ಆಗುಂಬೆ ಇಳಿಯುವಾಗ ದಯವಿಟ್ಟು ಬಳಸಿ. ಸಮತಟ್ಟು ರಸ್ತೆಯಲ್ಲಿ ಮಾತ್ರ ಬೇಡ, ಅಲ್ಲಿ ಮೈಲೇಜ್ ಕೆಡುತ್ತದೆ.

ಓಡಿಸುವುದರಲ್ಲಿ ಇನ್ನೆರಡು ಮಾತು. ಎಡಗಾಲಿಗೆ ಕೆಲಸ ಇಲ್ಲ. ಮೊದಲ ವಾರ ಅದನ್ನು ಹಿಂದಕ್ಕೆ ಮಡಚಿಟ್ಟುಕೊಂಡೇ ಓಡಿಸಿ. ಕ್ಲಚ್ ಅಂದುಕೊಂಡು ಬ್ರೇಕನ್ನು ಎಡಗಾಲಲ್ಲಿ ಒದ್ದರೆ ಹಿಂದಿನವನು ಬಂದು ಗುದ್ದುತ್ತಾನೆ. ಇನ್ನು ಅಪಾರ್ಟ್‌ಮೆಂಟಿನ ರ‍್ಯಾಂಪಿನಲ್ಲಿ ನಿಲ್ಲಿಸುವಾಗ ನೇರ ಪಿ (ಪಾರ್ಕ್) ಹಾಕಿ ಕಾಲು ಬಿಡಬೇಡಿ. ಪಿ ಅಂದರೆ ಒಳಗೆ ಬೆರಳಿನಷ್ಟು ಕಬ್ಬಿಣದ ಕೊಕ್ಕೆ ಹಲ್ಲಿನ ಸಂದಿಗೆ ಬೀಳುವುದು. ಕಾರಿನ ಇಡೀ ಭಾರ ಅದರ ಮೇಲೆ ಕೂರುತ್ತದೆ. ಬೆಳಿಗ್ಗೆ ತೆಗೆಯುವಾಗ ಟಕ್ ಅಂತ ಸದ್ದು ಬರುವುದು ಅದಕ್ಕೇ. ಬ್ರೇಕ್ ಒತ್ತಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಕಾಲು ಸಡಿಲಿಸಿ, ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂತ ಮೇಲೆ ಪಿ. ನ್ಯೂಟ್ರಲ್‌ಗೆ ನಾನು ಒಪ್ಪುವ ಜಾಗ ಇದೊಂದೇ.

ಇಟ್ಟುಕೊಳ್ಳುವ ವಿಷಯಕ್ಕೆ ಬಂದರೆ, ಎಲ್ಲರಿಗೂ ದೊಡ್ಡ ಬ್ಯಾಟರಿಯದೇ ಚಿಂತೆ. ಅದಕ್ಕೆ ಟೊಯೋಟಾ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತದೆ. ನನ್ನ ಗ್ಯಾರೇಜಿಗೆ ಬರುವ ಕರೆಗಳೆಲ್ಲ ಸಣ್ಣ ಬ್ಯಾಟರಿಯವು. ಇದರಲ್ಲೂ ಮಾಮೂಲಿ 12 ವೋಲ್ಟ್ ಬ್ಯಾಟರಿ ಒಂದು ಇರುತ್ತದೆ, ಕಂಪ್ಯೂಟರನ್ನು ಎಬ್ಬಿಸುವುದೇ ಅದು. ಮೂರು ವಾರ ಊರಿಗೆ ಹೋಗಿ ಬಂದರೆ ಅದು ಇಳಿದಿರಬಹುದು. ದೊಡ್ಡ ಬ್ಯಾಟರಿ ತುಂಬಿದ್ದರೂ ಆಗ ಕಾರು ಏಳುವುದಿಲ್ಲ. ವಾರಕ್ಕೊಮ್ಮೆ ಬಯಲಲ್ಲಿ ಒಂದು ಅರ್ಧ ಗಂಟೆ 'ರೆಡಿ' ದೀಪ ಹತ್ತಿಸಿ ಇಡಲು ಮನೆಯಲ್ಲಿ ಯಾರಿಗಾದರೂ ಹೇಳಿಹೋಗಿ. ರೆಡಿ ಅಂತ ಬರಲೇಬೇಕು. ಬರೀ ಆನ್ ಮಾಡಿ ಬಿಟ್ಟರೆ ಬ್ಯಾಟರಿ ಇನ್ನೂ ಬೇಗ ಇಳಿಯುತ್ತದೆ. ಇನ್ನೊಂದು ಬ್ಯಾಟರಿಯಿಂದ ಕೇಬಲ್ ಹಾಕಿ ಜಂಪ್ ಕೊಡುವಾಗ ಪ್ಲಸ್ ಮೈನಸ್ ಅದಲುಬದಲಾದರೆ ದುಬಾರಿ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದು. ದಾರಿಯಲ್ಲಿ ಸಿಕ್ಕ ಯಾರೋ ಒಬ್ಬರ ಕೈಗೆ ಕೇಬಲ್ ಕೊಡಬೇಡಿ.

ದೊಡ್ಡ ಬ್ಯಾಟರಿಗೆ ಉಸಿರಾಟ ಮುಖ್ಯ. ಎಷ್ಟೋ ಕಾರುಗಳಲ್ಲಿ ಕ್ಯಾಬಿನ್ನಿನ ತಣ್ಣಗಿನ ಗಾಳಿಯನ್ನೇ ಎಳೆದು ಅದನ್ನು ತಂಪು ಮಾಡುತ್ತಾರೆ. ಸೀಟಿನ ಹತ್ತಿರ ಒಂದು ಜಾಲರಿ ಇರುತ್ತದೆ, ಒಳಗೆ ಫಿಲ್ಟರ್. ಮೊನ್ನೆ ಒಂದು ಕಾರಿನದು ಬಿಚ್ಚಿದೆ. ನಾಯಿಕೂದಲು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಅದರ ಮೇಲೆ ಚಕ್ಕುಲಿ ಪುಡಿ, ಒಂದು ಶಾಲೆಯ ರಿಬ್ಬನ್ ತುಂಡು. ಫ್ಯಾನ್ ಇಡೀ ಹೊತ್ತು ಗುಯ್‌ಗುಡುತ್ತಿತ್ತು. ತೊಳೆದು ಒಣಗಿಸಿ ಹಾಕಿದೆ, ಇಪ್ಪತ್ತು ನಿಮಿಷದ ಕೆಲಸ. ಆ ಜಾಲರಿಯ ಮೇಲೆ ಬ್ಯಾಗು, ಬೆಡ್‌ಶೀಟು ಇಡಬೇಡಿ. ಬೇಸ್‌ಮೆಂಟಿನಲ್ಲಿ ಇಲಿ ಇದ್ದರೆ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಕಿತ್ತಳೆ ಬಣ್ಣದ ಕೇಬಲ್ ಕಡಿದದ್ದು ಕಂಡರೆ ಮುಟ್ಟಲೇಬೇಡಿ. ಅದರಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.

ಮಳೆಗಾಲದ ಮಾತು ಹೇಳಲೇಬೇಕು. ಅಂಡರ್‌ಪಾಸಿನಲ್ಲಿ ನೀರು ನಿಂತಿದೆ, ಎಂಜಿನ್ ಆಫ್ ಆಗಿದೆ, ಮೋಟರಿನಲ್ಲೇ ಸುಮ್ನೆ ದಾಟಿಬಿಡಬಹುದು ಅನ್ನಿಸುತ್ತದೆ. ಆದರೆ ಎಂಜಿನ್ ಯಾವಾಗ ಶುರುವಾಗಬೇಕು ಅನ್ನುವುದು ನಿಮ್ಮ ಕೈಯಲ್ಲಿಲ್ಲ. ನೀರಿನ ನಡುವೆ ಅದು ಎದ್ದು ಒಂದು ಗುಟುಕು ನೀರು ಎಳೆದರೆ ಎಂಜಿನ್ನಿನ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸುತ್ತಿಕೊಂಡು ಹೋಗಿ. ಕಾರು ನೀರಿನಲ್ಲಿ ಮುಳುಗಿ ನಿಂತಿದ್ದರೆ ಮತ್ತೆ ಆನ್ ಮಾಡಿ ನೋಡುವ ಆಸೆಯನ್ನೂ ಬಿಡಿ.

ತಿಂಗಳಿಗೆ ಮುನ್ನೂರು ಕಿ.ಮೀ. ಓಡಿಸುವವರಿಗೆ ನಾನು ಹೈಬ್ರಿಡ್ ಬೇಡ ಅನ್ನುತ್ತೇನೆ, ಕೊಟ್ಟ ಹೆಚ್ಚಿನ ದುಡ್ಡು ಪೆಟ್ರೋಲಿನಲ್ಲಿ ವಾಪಸ್ ಬರುವುದಿಲ್ಲ. ದಿನಾ ವೈಟ್‌ಫೀಲ್ಡಿಗೆ ಹೋಗಿಬರುವವರು, ಮನೆಯಲ್ಲಿ ಚಾರ್ಜಿಂಗ್‌ಗೆ ಜಾಗ ಇಲ್ಲದವರು ಧೈರ್ಯವಾಗಿ ತಗೊಳ್ಳಿ.

ಇನ್ನು, ಎಲ್ಲಾದರೂ ಕಾರು ನಿಂತುಹೋದರೆ ಹಗ್ಗ ಕಟ್ಟಿ ಎಳೆಸಬೇಡಿ. ಮುಂದಿನ ಚಕ್ರ ತಿರುಗಿದರೆ ಮೋಟರೂ ತಿರುಗುತ್ತದೆ, ಕರೆಂಟ್ ಹುಟ್ಟುತ್ತದೆ, ಒಳಗೆ ಏನು ಸುಡುತ್ತದೋ ಹೇಳಲಾಗದು. ಫೋನ್ ಮಾಡುವಾಗಲೇ ಕಾರನ್ನು ಪೂರ್ತಿ ಮೇಲೇರಿಸಿ ಒಯ್ಯುವ ಫ್ಲಾಟ್‌ಬೆಡ್ ಗಾಡಿ ಕಳಿಸಿ ಅಂತ ಕೇಳಿ. ಅದು ಸಿಗದಿದ್ದರೆ, ಮುಂದಿನ ಎರಡೂ ಚಕ್ರ ನೆಲದಿಂದ ಎತ್ತಿಯೇ ಒಯ್ಯಬೇಕು ಅಂತ ಹೇಳಿ, ಅವರು ಎತ್ತುವವರೆಗೆ ಪಕ್ಕದಲ್ಲೇ ನಿಂತು ನೋಡಿ.